ಸಿನಿಮಾ ಹಾಡು ಜಾಸ್ತಿ ಹಾಕಿದರೆ ನಮ್ಮ ರೇಡಿಯೋ ಉಳಿಯುತ್ತದಾ?

ಪ್ರಶ್ನೆ (ಉದ್ದದ ಪತ್ರದ ಸಾರಾಂಶ): ನಮ್ಮದು ದಕ್ಷಿಣ ಕೊಡಗಿನ ಒಂದು ಸಣ್ಣ ಸಮುದಾಯ ರೇಡಿಯೋ. ಒಂದು ಟ್ರಸ್ಟ್ ನಡೆಸುತ್ತಿದೆ. ಆರು ವರ್ಷ ಆಯಿತು. ಶುರುವಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಫೋನ್ ಬರುತ್ತಿತ್ತು, ಈಗ ವಾರಕ್ಕೆ ಐದಾರು ಬಂದರೆ ಹೆಚ್ಚು. ದಿನಕ್ಕೆ 14 ಗಂಟೆ ಪ್ರಸಾರ, ಅದರಲ್ಲಿ 9 ಗಂಟೆ ಹಾಡು ಮತ್ತು ಹಳೆ ಕಾರ್ಯಕ್ರಮ. ತಿಂಗಳ ಖರ್ಚು 92,000 ರೂಪಾಯಿ, ಬರುವುದು 14,000. ಇಬ್ಬರು ಆರ್‌ಜೆಗಳಿಗೆ ಎರಡು ತಿಂಗಳಿಂದ ಸಂಬಳ ಆಗಿಲ್ಲ. ಮಾರ್ಚ್ ಒಳಗೆ ಸರಿಹೋಗದಿದ್ದರೆ ಮುಚ್ಚುವುದು ಅಂತ ಟ್ರಸ್ಟ್ ಹೇಳಿದೆ. ಕೆಲವರು ಸಿನಿಮಾ ಹಾಡು ಹಾಕಿ, ಸಿಟಿ ಎಫ್‌ಎಂ ತರಹ ಮಾಡಿ ಅನ್ನುತ್ತಾರೆ. ನಾನು ಮೂರು ತಿಂಗಳ ಹಿಂದೆ ಮ್ಯಾನೇಜರ್ ಆಗಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಹಾಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಉಳಿಯುವುದಿಲ್ಲ. ಹಾಡು ಬೇಕಾದವರ ಜೇಬಿನಲ್ಲಿ ಮೊಬೈಲ್ ಇದೆ, ಅದರಲ್ಲಿ ಅವರಿಗೆ ಬೇಕಾದ ಹಾಡು ಬೇಕಾದ ಹೊತ್ತಿಗೆ ಸಿಗುತ್ತದೆ. ಜಿಲ್ಲೆಯಲ್ಲಿ ಮಡಿಕೇರಿ ಆಕಾಶವಾಣಿ ಇದೆ, ಅದರ ಟ್ರಾನ್ಸ್‌ಮಿಟರ್ ಮುಂದೆ ನಿಮ್ಮ 50 ವ್ಯಾಟ್ ಎಷ್ಟು ಅಂತ ನಿಮಗೇ ಗೊತ್ತು. ಸಿನಿಮಾ ಹಾಡು ಪುಕ್ಕಟೆ ಬರುವುದೂ ಇಲ್ಲ, ಹಕ್ಕು ಇರುವವರಿಗೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಅಂದರೆ ಬೇರೆ ಎಲ್ಲರೂ ನಿಮಗಿಂತ ಚೆನ್ನಾಗಿ ಮಾಡುವ ಕೆಲಸವನ್ನು ದುಡ್ಡು ಕೊಟ್ಟು ಮಾಡಿದ ಹಾಗೆ ಆಗುತ್ತದೆ.

ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಬಯಲುಸೀಮೆಯ ಒಂದು ಕೇಂದ್ರದಲ್ಲಿ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದಾಗ ಸಂಜೆಯ ರೈತರ ಕಾರ್ಯಕ್ರಮ ತೆಗೆದು ಹಾಡು ಹಾಕಿಸಿದೆ. ಮೊದಲ ವಾರ ಎಲ್ಲರೂ ಚೆನ್ನಾಗಿದೆ ಅಂದರು. ಒಂದು ತಿಂಗಳಾದ ಮೇಲೆ ಸಂತೆಗೆ ಹೋಗಿದ್ದೆ. ಟೊಮೆಟೊ ಮಾರುತ್ತಿದ್ದ ಹೆಂಗಸೊಬ್ಬರು ನನ್ನ ದನಿ ಗುರುತು ಹಿಡಿದು, "ರೇಡಿಯೋ ಇನ್ನೂ ನಡೀತಿದೆಯಾ ಸರ್?" ಅಂತ ಕೇಳಿದರು. ಅವರು ನಾಲ್ಕು ವರ್ಷ ದಿನಾ ಕೇಳಿದವರು. ಆ ಮಾತು ಇವತ್ತಿಗೂ ನನಗೆ ನೋವು ಕೊಡುತ್ತದೆ. ಆ ಕಾರ್ಯಕ್ರಮವನ್ನು ಮತ್ತೆ ಶುರು ಮಾಡಿದೆವು. ಆದರೆ ಹೋದ ಕೇಳುಗರು ತಿರುಗಿ ಬರಲು ಒಂದು ವರ್ಷ ಹಿಡಿಯಿತು.

ಈಗ ನಿಮ್ಮ ವಿಷಯ. ಎಲ್ಲಕ್ಕಿಂತ ಮೊದಲು ಆ ಇಬ್ಬರಿಗೆ ಬಾಕಿ ಸಂಬಳ ಕೊಡಿ. ಟ್ರಸ್ಟಿನವರು ಕೈಯಿಂದ ಹಾಕಲಿ, ಸಾಲ ಮಾಡಲಿ, ಹೇಗಾದರೂ ಸರಿ. ರೇಡಿಯೋದಲ್ಲಿ ದನಿಯೇ ಎಲ್ಲ. ಮನೆಗೆ ಅಕ್ಕಿ ತರಲು ಚಿಂತೆ ಮಾಡುವ ಹುಡುಗಿ ಬೆಳಿಗ್ಗೆ ಆರೂವರೆಗೆ ಮೈಕ್ ಮುಂದೆ ಕೂತು ನಗುತ್ತಾ ಮಾತಾಡಬೇಕು ಅಂದರೆ ಅದು ಆಗುವ ಮಾತಲ್ಲ, ಕೇಳುವವರಿಗೂ ಅದು ಗೊತ್ತಾಗುತ್ತದೆ. ಸಂಬಳ ಬಾಕಿ ಇಟ್ಟುಕೊಂಡು ಹೊಸ ಯೋಜನೆಯ ಮೀಟಿಂಗ್ ಕರೆಯಬೇಡಿ. ಕರೆದರೂ ಅವರ ತಲೆಗೆ ಏನೂ ಹೋಗುವುದಿಲ್ಲ.

ಎರಡನೆಯದು, ಕಾರ್ಯಕ್ರಮಕ್ಕೆ ಕೈ ಹಾಕುವ ಮೊದಲು ಸಿಗ್ನಲ್ ನೋಡಿ. ಕೇಳುಗರು ಕಡಿಮೆಯಾದರು ಅಂತ ನೀವು ಬರೆದಿದ್ದೀರಿ. ಅವರಿಗೆ ನಿಮ್ಮ ಪ್ರಸಾರ ಕೇಳಿಸುತ್ತಿದೆಯಾ? ಸಮುದಾಯ ರೇಡಿಯೋಗೆ ಪರವಾನಗಿ ಇರುವುದೇ ಸಣ್ಣ ಶಕ್ತಿಗೆ. ಯಂತ್ರದ್ದು 50 ವ್ಯಾಟ್ ಆದರೂ ಆಂಟೆನಾ ಅದನ್ನು ಅಡ್ಡಕ್ಕೆ ಒಟ್ಟುಗೂಡಿಸಿ ಕಳಿಸುವುದರಿಂದ, ಆಂಟೆನಾದಿಂದ ಹೊರಡುವ ಶಕ್ತಿ ಲೆಕ್ಕದಲ್ಲಿ 100 ವ್ಯಾಟ್, ಟವರ್ ಎತ್ತರ ಹೆಚ್ಚೆಂದರೆ 30 ಮೀಟರ್. ಬಯಲಿನಲ್ಲಾದರೆ ಹತ್ತು ಹದಿನೈದು ಕಿಲೋಮೀಟರ್ ಸುಲಭವಾಗಿ ಹೋಗುತ್ತದೆ. ನಮ್ಮ ಕೊಡಗಿನಲ್ಲಿ ಹಾಗಲ್ಲ. ಎಫ್‌ಎಂ ಅಲೆ ನೇರವಾಗಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನಾಲ್ಕು ಕಿಲೋಮೀಟರ್ ದೂರದ, ಗುಡ್ಡದ ಹಿಂದಿನ ಊರಿಗೆ ಏನೂ ಕೇಳಿಸದೆ, ಹದಿನೆಂಟು ಕಿಲೋಮೀಟರ್ ಆಚೆ ಎದುರು ಗುಡ್ಡದ ಇಳಿಜಾರಿನಲ್ಲಿರುವ ತೋಟದಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸಬಹುದು.

ಒಂದು ಭಾನುವಾರ ಜೀಪಿನಲ್ಲಿ ರೇಡಿಯೋ ಹಾಕಿಕೊಂಡು ನಾಲ್ಕೂ ದಿಕ್ಕಿಗೆ ಹೋಗಿ ಬನ್ನಿ. ಜೊತೆಗೆ ಒಂದು ಸಣ್ಣ ಬ್ಯಾಟರಿ ಸೆಟ್ ಇರಲಿ, ಯಾಕೆಂದರೆ ಕಾರಿನ ಆಂಟೆನಾಕ್ಕೆ ಸಿಕ್ಕಿದ್ದು ಮನೆಯೊಳಗಿನ ಸೆಟ್‌ಗೆ ಸಿಗುವುದಿಲ್ಲ. ಎಲ್ಲಿ ಚೆನ್ನಾಗಿದೆ, ಎಲ್ಲಿ ಕರಕರ, ಎಲ್ಲಿ ಪೂರ್ತಿ ಇಲ್ಲ, ಇದನ್ನು ಊರ ಹೆಸರು ಹಾಕಿ ಬರೆದುಕೊಳ್ಳಿ. ಮುಂದೆ ಜಾಹೀರಾತು ಕೇಳಲು ಹೋಗುವಾಗಲೂ ಈ ಪಟ್ಟಿಯೇ ನಿಮ್ಮ ಕೈಯಲ್ಲಿರಬೇಕು. ಕೇಳಿಸದ ಊರಿನ ಅಂಗಡಿಯವರ ಹತ್ತಿರ ದುಡ್ಡು ತೆಗೆದುಕೊಂಡರೆ ಮೂರನೇ ತಿಂಗಳಿಗೆ ಹೆಸರು ಕೆಡುತ್ತದೆ.

ಆಮೇಲೆ ಟ್ರಾನ್ಸ್‌ಮಿಟರ್ ಮುಂದೆ ನಿಂತು ಎರಡು ಅಂಕಿ ನೋಡಿ. ಒಂದು ಹೊರಗೆ ಹೋಗುತ್ತಿರುವ ಪವರ್, ಇನ್ನೊಂದು ವಾಪಸ್ ಬರುತ್ತಿರುವ ಪವರ್. ಟೆಕ್ನಿಷಿಯನ್‌ಗಳು ಇದನ್ನು ರಿಫ್ಲೆಕ್ಟೆಡ್ ಅನ್ನುತ್ತಾರೆ. ಅದು ಸೊನ್ನೆಯ ಹತ್ತಿರ ಇರಬೇಕು. ಕೊಡಗಿನ ಮಳೆಯಲ್ಲಿ ಆರು ವರ್ಷ ನೆನೆದ ಕೇಬಲ್ ಮತ್ತು ಕನೆಕ್ಟರ್ ಒಳಗೆ ನೀರು ಹೋಗಿರುವುದೇ ಜಾಸ್ತಿ. ಹಾಗಾದಾಗ ವಾಪಸ್ ಬರುವ ಪವರ್ ಏರುತ್ತದೆ, ಟ್ರಾನ್ಸ್‌ಮಿಟರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಪವರ್ ಇಳಿಸುತ್ತದೆ. ಸ್ಟುಡಿಯೋದಲ್ಲಿ ಕೂತವರಿಗೆ ಹೆಡ್‌ಫೋನಿನಲ್ಲಿ ಎಲ್ಲ ಸರಿಯಾಗಿಯೇ ಕೇಳಿಸುತ್ತಿರುತ್ತದೆ. ಹೊರಗೆ ಅರ್ಧ ಊರಿಗೆ ನೀವು ಸತ್ತು ಎಷ್ಟೋ ತಿಂಗಳಾಗಿರುತ್ತದೆ. ಕೆಲವು ಸಾವಿರ ರೂಪಾಯಿಯ ಕನೆಕ್ಟರ್ ಕೆಲಸ ಮಾಡಿಸಿ ಕೇಳುಗರನ್ನು ವಾಪಸ್ ಪಡೆದ ಕೇಂದ್ರಗಳನ್ನು ನಾನು ನೋಡಿದ್ದೇನೆ. ಹಾಗಾಗಿ ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ.

ಈಗ ಕಾರ್ಯಕ್ರಮ. ನನ್ನ ಮಾತು ಇಷ್ಟೇ: ಕೇಳುಗರಿಗೆ ನಿಮ್ಮ ಮೇಲೆ ಬೇಜಾರಾಗಿಲ್ಲ, ಅವರಿಗೆ ಬೇಕಾದ ಹೊತ್ತಿನಲ್ಲಿ ಬೇಕಾದ ಮಾತು ನಿಮ್ಮಲ್ಲಿ ಸಿಗುತ್ತಿಲ್ಲ. ಹದಿನಾಲ್ಕು ಗಂಟೆಯನ್ನೂ ಚೆನ್ನಾಗಿ ಮಾಡಲು ನಿಮ್ಮ ಹತ್ತಿರ ಜನ ಇಲ್ಲ. ನಾಲ್ಕು ಗಂಟೆ ಮಾಡಬಹುದು. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ಆರರಿಂದ ಎಂಟು. ಉಳಿದ ಹೊತ್ತಿಗೆ ಇವೇ ಕಾರ್ಯಕ್ರಮಗಳ ಮರುಪ್ರಸಾರ, ಊರವರ ಹಾಡು, ಹಳೆ ರೆಕಾರ್ಡಿಂಗ್ ಹೋಗಲಿ. ಶಕ್ತಿಯೆಲ್ಲ ಆ ನಾಲ್ಕು ಗಂಟೆಗೆ ಹಾಕಿ.

ಯಾಕೆ ಆ ಹೊತ್ತು? ಈಗ ಡಿಸೆಂಬರ್. ಕಾಫಿ ಕುಯ್ಲು ನಡೆಯುತ್ತಿದೆ. ತೋಟದಲ್ಲಿ ಹಣ್ಣು ಕುಯ್ಯುವವರು, ಕಣದಲ್ಲಿ ಚೆರ್ರಿ (ಕಾಫಿ ಹಣ್ಣು) ಒಣಗಲು ಹರಡುವವರು, ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುವವರು, ಪಿಕಪ್ ಓಡಿಸುವವರು, ಇವರೆಲ್ಲರ ಕೈಗೂ ಕೆಲಸ, ಕಣ್ಣಿಗೂ ಕೆಲಸ. ಕಿವಿ ಮಾತ್ರ ಖಾಲಿ. ಮೊಬೈಲ್ ನೋಡಲು ಕೈ ಒರೆಸಿಕೊಳ್ಳಬೇಕು, ರೇಡಿಯೋಗೆ ಅದು ಬೇಡ. ನಿಮ್ಮ ಬಲ ಇರುವುದು ಅಲ್ಲಿ. ಹತ್ತು ದಿನ ಸ್ಟುಡಿಯೋ ಬಿಟ್ಟು ಹೊರಗೆ ಓಡಾಡಿ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋಗಿ, ಟೀ ಅಂಗಡಿಯಲ್ಲಿ ಕೂರಿ, ವಿರಾಜಪೇಟೆಯ ಬುಧವಾರದ ಸಂತೆಯಲ್ಲಿ ನಿಲ್ಲಿ. "ನಮ್ಮ ರೇಡಿಯೋ ಕೇಳುತ್ತೀರಾ?" ಅಂತ ಕೇಳಬೇಡಿ, ಮರ್ಯಾದೆಗೆ ಎಲ್ಲರೂ ಹೌದು ಅನ್ನುತ್ತಾರೆ. "ಇವತ್ತು ಬೆಳಿಗ್ಗೆ ಎದ್ದ ಮೇಲೆ ಏನೇನು ತಿಳಿಯಬೇಕಿತ್ತು, ಅದನ್ನು ಯಾರ ಹತ್ತಿರ ಕೇಳಿದಿರಿ?" ಅಂತ ಕೇಳಿ. ಅವರು ಕೊಡುವ ಉತ್ತರವೇ ನಿಮ್ಮ ಬೆಳಗಿನ ಕಾರ್ಯಕ್ರಮ.

ಏನು ಹೇಳುತ್ತಾರೆ ಅಂತ ನಾನು ಸ್ವಲ್ಪ ಊಹಿಸಬಲ್ಲೆ. ಮೊದಲನೆಯದು ಮಳೆ. ಕೊಡಗಿನಲ್ಲಿ ಮಳೆಯನ್ನು ಇಂಚು ಸೆಂಟಿನಲ್ಲಿ ಹೇಳುತ್ತಾರೆ (ನೂರು ಸೆಂಟ್ ಒಂದು ಇಂಚು), ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕದ ಪುಸ್ತಕ ಇದೆ. ನಿಮ್ಮ ಪ್ರಸಾರ ಮುಟ್ಟುವ ಜಾಗದಲ್ಲಿ ಮಳೆಮಾಪಕ ಇಟ್ಟುಕೊಂಡಿರುವ ಹತ್ತು ಜನರನ್ನು ಹುಡುಕಿ. ಬೆಳಿಗ್ಗೆ ಏಳು ಗಂಟೆಗೆ ಅವರು ತಮ್ಮ ದನಿಯಲ್ಲೇ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಲಿ: ಊರ ಹೆಸರು, ನಿನ್ನೆಯ ಮಳೆ, ಈ ವರ್ಷದ ಒಟ್ಟು. ಒಬ್ಬೊಬ್ಬರಿಗೆ ಹತ್ತು ಸೆಕೆಂಡ್ ಸಾಕು. ಖರ್ಚು ಏನೂ ಇಲ್ಲ. ಪಕ್ಕದ ಊರಲ್ಲಿ ಒಂದು ಇಂಚು ಬಂದು ನಮ್ಮಲ್ಲಿ ಬರೀ ಇಪ್ಪತ್ತು ಸೆಂಟ್ ಅಂದರೆ ಫೆಬ್ರವರಿ ಮಾರ್ಚಿನಲ್ಲಿ ಬೆಳೆಗಾರನಿಗೆ ಅದು ಜೀವನದ ಪ್ರಶ್ನೆ. ಕಾಫಿ ಹೂ ಬಿಡಿಸುವ ಹೂಮಳೆ ಸರಿಯಾಗಿ ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ, ಅರ್ಧಂಬರ್ಧ ಬಂದರೆ ಸ್ಪ್ರಿಂಕ್ಲರ್ ಹಾಕಬೇಕಾ ಕಾಯಬೇಕಾ ಅಂತ ತಲೆಬಿಸಿ. ಆ ವಾರ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಿಂದ ಒಬ್ಬರನ್ನು ಫೋನಿನಲ್ಲಿ ಹಿಡಿದು ಐದು ನಿಮಿಷ ಮಾತಾಡಿಸಿ. ಇಂಥ ಐದು ನಿಮಿಷ ಯಾವ ಸಿಟಿ ಎಫ್‌ಎಂ ಕೊಡುತ್ತದೆ ಹೇಳಿ.

ಎರಡನೆಯದು ಆನೆ, ಅದು ಎಲ್ಲಿ ಓಡಾಡುತ್ತಿದೆ ಅಂತ. ತೋಟದ ಕೆಲಸಕ್ಕೆ ನಡೆದು ಹೋಗುವವರು, ಶಾಲೆ ಬಸ್ಸಿಗೆ ಕಾಯುವ ಮಕ್ಕಳು ಮನೆಯಿಂದ ಹೊರಡುವ ಮೊದಲು ಅವರಿಗೆ ಇದು ತಿಳಿಯಬೇಕು. ಇಲ್ಲಿ ಎಚ್ಚರ ಬೇಕು. ಯಾರೋ ಫಾರ್ವರ್ಡ್ ಮಾಡಿದ್ದನ್ನು ಓದಬೇಡಿ. ಅರಣ್ಯ ಇಲಾಖೆಯ ತಂಡದವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ: ಬೆಳಿಗ್ಗೆ ಆರೂಕಾಲಿಗೆ ನೀವು ಫೋನ್ ಮಾಡುತ್ತೀರಿ, ಅವರು ಹೇಳಿದ್ದನ್ನು ಮಾತ್ರ ಹೇಳುತ್ತೀರಿ. ಎಷ್ಟು ಹೊತ್ತಿನ ಮಾಹಿತಿ ಅದು ಅಂತಲೂ ಪ್ರತಿ ಸಲ ಹೇಳಿ. "ಆನೆ ಇಲ್ಲ" ಅಂತ ಎಂದೂ ಹೇಳಬೇಡಿ. "ಮಾಹಿತಿ ಬಂದಿಲ್ಲ" ಅನ್ನಿ. ಈ ಎರಡು ಮಾತಿನ ವ್ಯತ್ಯಾಸದಲ್ಲಿ ಒಬ್ಬರ ಪ್ರಾಣ ಇರಬಹುದು.

ಇದಾದ ಮೇಲೆ ಕರೆಂಟು, ರಸ್ತೆ, ಬಸ್ಸು. ಕರೆಂಟು ಕೊಡುವ ಕಂಪನಿ ಸೆಸ್ಕ್‌ನವರು ಯಾವ ಲೈನು (ಫೀಡರ್) ಎಷ್ಟು ಹೊತ್ತು ನಿಲ್ಲಿಸುತ್ತಾರೆ ಅಂತ ಹಿಂದಿನ ದಿನವೇ ಹೇಳಿರುತ್ತಾರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್ ಓಡಿಸುವವರಿಗೆ ಅದು ಬೇಕು. ಸುದ್ದಿ ಪ್ರಸಾರ ಮಾಡಬಾರದಲ್ವಾ ಅಂತ ನಿಮ್ಮ ಟ್ರಸ್ಟಿನವರು ಹೆದರಬಹುದು. ಸಮುದಾಯ ರೇಡಿಯೋ ಸ್ವಂತ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿ ಸುದ್ದಿಯನ್ನು ಹಾಗೇ ಮರುಪ್ರಸಾರ ಮಾಡಬಹುದು, ಸ್ಥಳೀಯ ಭಾಷೆಗೆ ತಿರುಗಿಸಿಯೂ ಹೇಳಬಹುದು. ಆದರೆ ಹವಾಮಾನ, ಸಂಚಾರ, ಊರ ಹಬ್ಬ, ಪರೀಕ್ಷೆ, ಉದ್ಯೋಗ, ಸ್ಥಳೀಯ ಆಡಳಿತ ಕೊಡುವ ನೀರು, ಕರೆಂಟು, ಪ್ರಕೃತಿ ವಿಕೋಪ, ಆರೋಗ್ಯದ ಪ್ರಕಟಣೆ, ಇವನ್ನು ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ. ಈ ಒಂದು ಬಾಗಿಲು ನಿಮಗೆ ಸಾಕು. ಎಷ್ಟೋ ಕೇಂದ್ರಗಳು ಹೆದರಿಕೊಂಡು ಇದನ್ನೂ ಮುಚ್ಚಿಟ್ಟಿವೆ.

ಕಾಫಿ ರೇಟು, ಕರಿಮೆಣಸಿನ ರೇಟು ವಾಟ್ಸಾಪಿನಲ್ಲೇ ಬರುತ್ತದಲ್ಲ, ನಾವೇನು ಹೇಳುವುದು ಅಂದಿದ್ದೀರಿ. ಬರುತ್ತದೆ, ನಿಜ. ಆದರೆ ಕಾಫಿಗೆ 50 ಕೆಜಿ ಚೀಲಕ್ಕೆ ಇಷ್ಟು, ಮೆಣಸಿಗೆ ಕೆಜಿಗೆ ಇಷ್ಟು ಅಂತ ಅಂಕಿ ಮಾತ್ರ ಬರುತ್ತದೆ. ಎರಡು ಮೂರು ಕಡೆ ವಿಚಾರಿಸಿ ರೇಟು ಹೇಳಿ, ಔಟ್‌ಟರ್ನ್ (ಒಣ ಚೆರ್ರಿ ಸುಲಿದಾಗ ಸಿಗುವ ಬೀಜದ ಪ್ರಮಾಣ) ಕಡಿಮೆ ಬಂದರೆ ಯಾಕೆ ಬಂತು, ಚೆರ್ರಿ ಎಷ್ಟು ಒಣಗಿದ್ದರೆ ವ್ಯಾಪಾರಿ ದುಡ್ಡು ಮುರಿಯುವುದಿಲ್ಲ, ಹಸಿ ಹಣ್ಣನ್ನೇ ಕೊಟ್ಟರೆ ಎಷ್ಟು ನಷ್ಟ, ಇದನ್ನು ತೋಟದ ಲೆಕ್ಕ ನೋಡಿಕೊಳ್ಳುವ ಒಬ್ಬ ಅನುಭವಿ ರೈಟರ್ ಅಥವಾ ಸಣ್ಣ ಬೆಳೆಗಾರರು ವಾರಕ್ಕೆ ಎರಡು ದಿನ ವಿವರಿಸಲಿ. ಎರಡು ಎಕರೆ ಮೂರು ಎಕರೆ ಇರುವವರಿಗೆ ಇದನ್ನು ಹೇಳುವವರು ಯಾರೂ ಇಲ್ಲ.

ಇನ್ನೊಂದು, ಸಾವಿನ ವಿಷಯ. ಕೊಡಗಿನಲ್ಲಿ ಬೆಳಿಗ್ಗೆ ಪೇಪರ್ ಬಂದ ಕೂಡಲೇ ತುಂಬಾ ಮನೆಗಳಲ್ಲಿ ಮೊದಲು ನೋಡುವುದು ನಿಧನದ ಕಾಲಂ. ಯಾರು ಹೋದರು, ಎಷ್ಟು ಗಂಟೆಗೆ ಅಂತ್ಯಕ್ರಿಯೆ, ಎಲ್ಲಿ. ರಾತ್ರಿ ಹೋದವರ ವಿಷಯ ಬೆಳಗಿನ ಪೇಪರಿಗೆ ಸಿಗುವುದಿಲ್ಲ, ರೇಡಿಯೋಗೆ ಸಿಗುತ್ತದೆ. ಎಂಟು ಗಂಟೆಗೆ ಮೂರು ನಿಮಿಷ ಇದಕ್ಕೆ ಇಡಿ. ಮನೆಯವರೇ ಫೋನ್ ಮಾಡಬೇಕು, ನೀವು ತಿರುಗಿ ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು, ದುಡ್ಡು ತೆಗೆದುಕೊಳ್ಳಬಾರದು, ಯಾವ ಜಾತಿ ಯಾವ ಮನೆತನ ಅಂತ ನೋಡದೆ ಎಲ್ಲರಿಗೂ ಒಂದೇ ದನಿಯಲ್ಲಿ ಓದಬೇಕು. ತೋಟದ ಕಾರ್ಮಿಕರ ಮನೆಯ ಅಜ್ಜಿ ತೀರಿಕೊಂಡರೂ ಅಷ್ಟೇ ಮರ್ಯಾದೆ. ಇದನ್ನು ಆರು ತಿಂಗಳು ತಪ್ಪದೆ ಮಾಡಿ ನೋಡಿ, ಊರು ನಿಮ್ಮನ್ನು ತನ್ನದು ಅನ್ನುತ್ತದೆ.

ಭಾಷೆ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಲಿಕ್ಕಿದೆ. ನಿಮ್ಮ ಆರ್‌ಜೆಗಳ ರೆಕಾರ್ಡಿಂಗ್ ಕಳಿಸಿದ್ದೀರಿ, ಕೇಳಿದೆ. ಇಬ್ಬರೂ ಬೆಂಗಳೂರಿನ ಎಫ್‌ಎಂ ಕನ್ನಡ ಮಾತಾಡುತ್ತಿದ್ದಾರೆ. ಒಂದೇ ಉಸಿರಿಗೆ, ಓಡುತ್ತಾ, ಮಧ್ಯೆ ಮಧ್ಯೆ ಇಂಗ್ಲಿಷ್ ಸೇರಿಸಿ. ಅವರದ್ದಲ್ಲದ ದನಿ ಅದು. ಅವರು ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಲಿ. ನಿಮ್ಮ ಪ್ರಸಾರದ ವ್ಯಾಪ್ತಿಯಲ್ಲೇ ಕೊಡವರ ಭಾಷೆ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಮಲಯಾಳ, ತುಳು, ಬ್ಯಾರಿ ಇದೆ, ಯರವ ಮತ್ತು ಜೇನುಕುರುಬರ ಮಾತು ಇದೆ, ಈಗ ಅಸ್ಸಾಂ ಬಂಗಾಳದಿಂದ ಬಂದ ಕೆಲಸಗಾರರೂ ಇದ್ದಾರೆ. ನೀವು ಪ್ರಸಾರ ಮಾಡುವುದು ಬಹುಪಾಲು ಕನ್ನಡ, ವಾರಕ್ಕೆ ಅರ್ಧ ಗಂಟೆ ಕೊಡವ ತಕ್ಕ್. ಇದನ್ನು ಬದಲಾಯಿಸಿ. ಬೆಳಗಿನ ಮುಖ್ಯ ಮಾಹಿತಿ ಕನ್ನಡದಲ್ಲಿ ಇರಲಿ, ಸಂಜೆಯ ಒಂದು ಗಂಟೆಯನ್ನು ದಿನಕ್ಕೊಂದು ಭಾಷೆಗೆ ಕೊಡಿ. ಆ ಭಾಷೆಯವರೇ ನಡೆಸಲಿ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಇದೆ, ಅರೆಭಾಷೆ ಅಕಾಡೆಮಿಯೂ ಇದೆ, ಎರಡೂ ಕಡೆ ಹೋಗಿ ಮಾತಾಡಿ, ಹಾಡುವವರ, ಕಥೆ ಹೇಳುವವರ ಪರಿಚಯ ಸಿಗುತ್ತದೆ. ದುಡಿ (ಸಣ್ಣ ಚರ್ಮವಾದ್ಯ) ಹಿಡಿದು ಕೊಡವರ ಜನಪದ ಹಾಡು ಬಾಳೊ ಪಾಟ್ ಹಾಡುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ರೆಕಾರ್ಡ್ ಮಾಡಿದಾಗ ಕೈಗೆ ಗೌರವಧನ ಕೊಡಿ, ಪ್ರಸಾರಕ್ಕೆ ಒಪ್ಪಿಗೆ ಬರೆಸಿಕೊಳ್ಳಿ, ಒಂದು ಪ್ರತಿ ಅವರ ಮನೆಗೂ ಕೊಡಿ. ಯರವರ ಹಾಡಿಯಲ್ಲಿ (ಬುಡಕಟ್ಟಿನವರ ಊರಿನಲ್ಲಿ) ರೆಕಾರ್ಡ್ ಮಾಡಿದಾಗಲೂ ಹಾಗೇ. "ಪಾಪ, ಅವರಿಗೆ ದುಡ್ಡು ಯಾಕೆ" ಅನ್ನುವ ಮಾತು ನಿಮ್ಮ ಕೇಂದ್ರದಲ್ಲಿ ಯಾರ ಬಾಯಲ್ಲೂ ಬರಬಾರದು.

ತೆಲಂಗಾಣದ ಮಾಚನೂರಿನಲ್ಲಿ 2008ರಿಂದ ಸಂಘಂ ರೇಡಿಯೋ ಇದೆ, ದಲಿತ ಹೆಂಗಸರು ನಡೆಸುವ ಕೇಂದ್ರ. ಅವರ ಊರಿನ ತೆಲುಗು, ಅವರ ಬೆಳೆ, ಅವರ ಹಾಡು. ನಿಮಗೆ ಹತ್ತಿರದಲ್ಲಿ ಸರಗೂರಿನ ಜನಧ್ವನಿ ರೇಡಿಯೋ ಇದೆ, ಅಲ್ಲೂ ಸುತ್ತ ಕಾಡು, ಹಾಡಿ, ಆನೆ. ಇಬ್ಬರು ಆರ್‌ಜೆಗಳನ್ನೂ ಕರೆದುಕೊಂಡು ಅಲ್ಲಿ ಒಂದು ದಿನ ಕೂತು ಬನ್ನಿ. ನಾನು ಹತ್ತು ಪುಟ ಬರೆದರೂ ಆ ಒಂದು ದಿನಕ್ಕೆ ಸಮ ಆಗುವುದಿಲ್ಲ.

ವರ್ಷದ ಕೆಲವು ದಿನಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ನೆರೆ (ಎಲೆಗಳ ಕಟ್ಟು) ಕಟ್ಟುವ, ಭತ್ತದ ಕದಿರು ತೆಗೆಯುವ ಹೊತ್ತು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಆಗುತ್ತದೆ, ಆ ಹೊತ್ತು ಪ್ರತಿ ಮನೆಗೂ ಬೇಕು. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವದ ಹೊತ್ತು, ಬಸ್ಸು, ರಸ್ತೆ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳಿಂದ ಶುರು ಮಾಡಿದ ಹಬ್ಬ ಅದು, 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಆಡಿದವು. ಸ್ಥಳೀಯ ಆಟದ ಕಾಮೆಂಟರಿಗೆ ಅಡ್ಡಿ ಇಲ್ಲ. ಆಯೋಜಕರ ಒಪ್ಪಿಗೆ ಪಡೆದು ದಿನಕ್ಕೆ ಎರಡು ಪಂದ್ಯ ಕೊಡವ ತಕ್ಕ್‌ನಲ್ಲಿ ಹೇಳಿ.

ಇನ್ನು ನಿಲ್ಲಿಸಬೇಕಾದ್ದು. ನಿಮ್ಮ ಪಟ್ಟಿಯಲ್ಲಿ 31 ಕಾರ್ಯಕ್ರಮ ಇದೆ. ಒಂದೊಂದನ್ನೂ ಹಿಡಿದು, ಇದು ನಾಳೆ ನಿಂತರೆ ಯಾರು ಫೋನ್ ಮಾಡುತ್ತಾರೆ ಅಂತ ಕೇಳಿಕೊಳ್ಳಿ. ನನ್ನ ಹಳೆ ಕೇಂದ್ರದಲ್ಲಿ ನಾಲ್ಕು ವರ್ಷ ನಡೆದ ಒಂದು ದೊಡ್ಡ ಆರೋಗ್ಯ ಸರಣಿ ನಿಲ್ಲಿಸಿದಾಗ ಒಂದು ಫೋನೂ ಬರಲಿಲ್ಲ. ಕಳೆದುಹೋದ ದನ, ಕುರಿ, ಪರ್ಸು, ಮಾರ್ಕ್ಸ್ ಕಾರ್ಡಿನ ಐದು ನಿಮಿಷದ ಪ್ರಕಟಣೆ ಒಂದು ದಿನ ತಪ್ಪಿದ್ದಕ್ಕೆ ಸಂಜೆವರೆಗೆ ಫೋನ್ ಹೊಡೆದುಕೊಂಡಿತು. ಟ್ರಸ್ಟಿನ ಹಿರಿಯರ ಭಾನುವಾರದ ಒಂದು ಗಂಟೆ ಉಪನ್ಯಾಸ ನಿಲ್ಲಿಸುವುದು ನಿಮಗೆ ಕಷ್ಟ, ಅರ್ಥ ಆಗುತ್ತದೆ. ಹೋಗಿ ಅವರ ಮನೆಯಲ್ಲೇ ಕೂತು ಮಾತಾಡಿ. ಅವರಿಗೆ ಎಂಬತ್ತು ವರ್ಷ ಅಂದಿರಿ, ಅವರು ಕಂಡ ಊರಿನ ಹಳೆ ಕಥೆಯನ್ನು ಐದೈದು ನಿಮಿಷ ಹೇಳಿಸಿ. ಅವರ ಬೆಲೆ ಅಲ್ಲಿ ಇದೆ.

ಆಡಳಿತದ ವಿಷಯಕ್ಕೆ ಬಂದರೆ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆದದ್ದು ಒಂದು ಸಾಲು. ಐದು ಜನ ಟ್ರಸ್ಟಿಗಳೂ ಆರ್‌ಜೆಗಳಿಗೆ ನೇರವಾಗಿ ಫೋನ್ ಮಾಡಿ ಇದು ಹಾಕು, ಅದು ತೆಗೆ ಅನ್ನುತ್ತಾರೆ ಅಂದಿದ್ದೀರಿ. ಹೀಗೆ ನಡೆದ ಯಾವ ಕೇಂದ್ರವೂ ಉಳಿದಿದ್ದನ್ನು ನಾನು ನೋಡಿಲ್ಲ. ಪ್ರಸಾರಕ್ಕೆ ಏನು ಹೋಗಬೇಕು ಅಂತ ಹೇಳುವವರು ಒಬ್ಬರೇ ಇರಬೇಕು, ಅದು ನೀವು. ಟ್ರಸ್ಟಿಗಳ ಮಾತು ತಿಂಗಳ ಮೀಟಿಂಗಿನಲ್ಲಿ ನಿಮಗೆ ಬರಲಿ. ಇದನ್ನು ಒಂದು ಪುಟದಲ್ಲಿ ಬರೆದು ಅಧ್ಯಕ್ಷರ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ನೀವು ಮಾರ್ಚ್ ತನಕ ಕಾಯುವುದೂ ಸುಮ್ನೆ, ಅಷ್ಟು ನೇರವಾಗಿ ಹೇಳುತ್ತೇನೆ.

ಸಲಹಾ ಮತ್ತು ಕಾರ್ಯಕ್ರಮ ಸಮಿತಿಯನ್ನು ಹೊಸದಾಗಿ ಮಾಡಿ. ಸಮುದಾಯ ರೇಡಿಯೋಗಳಿಗೆ ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ ಪ್ರಕಾರ ಅದರಲ್ಲಿ ಅರ್ಧ ಹೆಂಗಸರು ಇರಬೇಕು. ಪೇಪರಿಗೆ ಮಾತ್ರ ಹೆಸರು ಹಾಕಬೇಡಿ. ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ತೋಟದ ಕೆಲಸಗಾರರು, ಒಬ್ಬರು ಸ್ವಸಹಾಯ ಸಂಘದವರು, ಒಬ್ಬರು ಹಾಡಿಯವರು. ಪ್ರತಿ ಸೋಮವಾರ ಒಂದು ಗಂಟೆ ಎಲ್ಲ ಸಿಬ್ಬಂದಿ ಕೂರಿ. ಎಷ್ಟು ಫೋನ್ ಬಂತು, ಯಾವ ಊರಿಂದ, ಏನು ಕೇಳಿದರು, ಎಷ್ಟು ಹೊತ್ತು ಪ್ರಸಾರ ನಿಂತಿತ್ತು, ಎಷ್ಟು ದುಡ್ಡು ಬಂತು. ಇದು ಗೋಡೆ ಮೇಲೆ ಬರೆದಿರಲಿ, ಎಲ್ಲರಿಗೂ ಕಾಣಲಿ. ಪ್ರಸಾರ ಮಾಡಿದ್ದನ್ನು ಮೂರು ತಿಂಗಳು ತೆಗೆದಿಡಬೇಕು ಅಂತ ನಿಯಮ ಇದೆ, ಅದಕ್ಕೆ ಒಂದು ಹಾರ್ಡ್ ಡಿಸ್ಕ್ ಬೇರೆಯೇ ಇಡಿ.

ಈಗ ದುಡ್ಡು. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮೊದಲು 7 ಇತ್ತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 2024ರಲ್ಲಿ 74 ಆಯಿತು. ಕೇಂದ್ರ ಸರ್ಕಾರದ ಜಾಹೀರಾತು ಸಿಗಬೇಕಾದರೆ ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿರಬೇಕು, ನಿಮ್ಮದು ಇನ್ನೂ ಸೇರಿಲ್ಲ ಅಂದಿರಿ, ಈ ತಿಂಗಳೇ ಅರ್ಜಿ ಹಾಕಿ. 30 ಸೆಕೆಂಡಿನ ಒಂದು ಜಾಹೀರಾತು ದಿನಕ್ಕೆ ಆರು ಸಲ, 15 ದಿನ ಹೋದರೆ 19,980 ರೂಪಾಯಿ. ಚೆನ್ನಾಗಿದೆ. ಆದರೆ ಆ ದುಡ್ಡು ಬರುವುದು ತಡ ಆಗುತ್ತದೆ, ಅದನ್ನು ನಂಬಿ ಸಂಬಳದ ಲೆಕ್ಕ ಹಾಕಬೇಡಿ.

ಸಂಬಳಕ್ಕೆ ಊರಿನ ಅಂಗಡಿಗಳು. ಗೊಬ್ಬರದ ಅಂಗಡಿ, ಪಂಪ್ ರಿಪೇರಿ, ಬಟ್ಟೆ ಅಂಗಡಿ, ಬೇಕರಿ, ನರ್ಸರಿ, ಲ್ಯಾಬ್. 10 ಸೆಕೆಂಡಿಗೆ 20 ರೂಪಾಯಿ ಇಡಿ. ಅರ್ಧ ನಿಮಿಷ, ದಿನಕ್ಕೆ ಎರಡು ಸಲ, ತಿಂಗಳಿಗೆ 3,600. ಹತ್ತು ಅಂಗಡಿ ಆದರೆ 36,000. ಹತ್ತು ಅಂಗಡಿ ಸಿಗುವುದು ಕಷ್ಟ ಅಲ್ಲ, ಬಾಕಿ ವಸೂಲಿ ಕಷ್ಟ. ಆರ್‌ಜೆಗಳನ್ನು ಜಾಹೀರಾತಿಗೆ ಕಳಿಸಬೇಡಿ, ಅವರಿಗೆ ಅದು ಬರುವುದಿಲ್ಲ, ಕಾರ್ಯಕ್ರಮವೂ ಕೆಡುತ್ತದೆ. ಊರಲ್ಲಿ ಎಲ್ಲರಿಗೂ ಪರಿಚಯ ಇರುವ, ಬೈಕ್ ಇರುವ ಒಬ್ಬರನ್ನು ನೂರಕ್ಕೆ 15ರ ಕಮಿಷನ್ ಮೇಲೆ ಇಟ್ಟುಕೊಳ್ಳಿ. ಕಮಿಷನ್ ಕೊಡುವುದು ದುಡ್ಡು ಕೈಗೆ ಬಂದ ಮೇಲೆ. ತಿಂಗಳ ಮೊದಲೇ ದುಡ್ಡು ಕೊಟ್ಟವರಿಗೆ ನಾಲ್ಕು ದಿನ ಪುಕ್ಕಟೆ. ಅಂಗಡಿಯವರೇ ತಮ್ಮ ದನಿಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು, ಊರವರು ಕಿವಿ ಕೊಟ್ಟು ಕೇಳುತ್ತಾರೆ.

ಒಂದು ಎಚ್ಚರಿಕೆ. ಅಂಗಡಿಯವರ ಹೆಸರಿನಲ್ಲಿ ಪೂರ್ತಿ ಕಾರ್ಯಕ್ರಮ ಪ್ರಾಯೋಜನೆ ಮಾಡಿಸುವ ಹಾಗಿಲ್ಲ. ಪ್ರಾಯೋಜಿತ ಕಾರ್ಯಕ್ರಮ ಅಂದರೆ ಕೇಂದ್ರ ಮತ್ತು ರಾಜ್ಯ ಸರ್ಕಾರದ್ದು, ಅಥವಾ ಬೇರೆ ಸಂಸ್ಥೆಗಳು ಸಾರ್ವಜನಿಕ ಹಿತದ ಮಾಹಿತಿಗೆ ಕೊಡುವುದು ಮಾತ್ರ. ಬಂದ ದುಡ್ಡು ರೇಡಿಯೋ ಕೇಂದ್ರದ ಖರ್ಚಿಗೇ ಹೋಗಬೇಕು. ಟ್ರಸ್ಟಿನ ಬೇರೆ ಕೆಲಸಕ್ಕೆ ಎತ್ತಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಬ್ಯಾಂಕ್ ಖಾತೆ ಬೇರೆ ಮಾಡಿ. ಸ್ಟುಡಿಯೋ ಖಾಲಿ ಇರುವ ಹೊತ್ತಿನಲ್ಲಿ ಆಟೋ ಪ್ರಚಾರಕ್ಕೆ, ಪಂಚಾಯ್ತಿ ಕಸದ ಗಾಡಿಗೆ ಆಡಿಯೋ ಮಾಡಿಕೊಡಬಹುದು, ಸಣ್ಣ ದುಡ್ಡು ಆದರೂ ಅದು ಕೈಗೆ ಬೇಗ ಬರುತ್ತದೆ. ಇದೆಲ್ಲ ಸೇರಿದರೂ ಮಾರ್ಚಿಗೆ 92,000 ಮುಟ್ಟುವುದಿಲ್ಲ, ಸುಳ್ಳು ಆಸೆ ಕೊಡುವುದಿಲ್ಲ. ಐವತ್ತು ಅರವತ್ತು ಸಾವಿರಕ್ಕೆ ಬಂದರೆ ಮತ್ತು ಅದು ಪ್ರತಿ ತಿಂಗಳು ಏರುತ್ತಿದ್ದರೆ, ಟ್ರಸ್ಟಿನ ಮುಂದೆ ಇನ್ನೊಂದು ವರ್ಷ ಕೇಳಲು ನಿಮಗೆ ಬಾಯಿ ಇರುತ್ತದೆ.

ಕೇಳುವಾಗ ಮಳೆಗಾಲದ ಮಾತನ್ನೂ ಎತ್ತಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ, 2019ರಲ್ಲಿ ತೋರದಲ್ಲಿ ಆದಾಗ, ಕರೆಂಟು ಇಲ್ಲದೆ ಮೊಬೈಲ್ ಸತ್ತ ಮನೆಗಳಲ್ಲಿ ಜನ ಹೇಗೆ ಕೂತಿದ್ದರು ಅಂತ ನಿಮ್ಮ ಟ್ರಸ್ಟಿಗಳಿಗೆ ನಾನು ಹೇಳಬೇಕಾಗಿಲ್ಲ. ಮೂರು ಸೆಲ್ ಹಾಕಿದ ರೇಡಿಯೋ ಒಂದು ವಾರ ಮಾತಾಡುತ್ತದೆ. ನೀವು ಗಾಳಿಯಲ್ಲಿ ಇರಬೇಕು ಅಷ್ಟೇ. ಹಾಗಾಗಿ ಮೇ ಮುಗಿಯುವುದರೊಳಗೆ ಜನರೇಟರಿಗೆ 48 ಗಂಟೆಯ ಡೀಸೆಲ್, ಟ್ರಾನ್ಸ್‌ಮಿಟರಿಗೆ ಬೇರೆ ಬ್ಯಾಟರಿ, ಟವರಿಗೆ ಸಿಡಿಲು ತಡೆ, ಜಿಲ್ಲಾಡಳಿತದ ಕಂಟ್ರೋಲ್ ರೂಮಿನ ಜೊತೆ ಯಾರು ಯಾರಿಗೆ ಫೋನ್ ಮಾಡುವುದು ಅಂತ ಬರೆದಿಟ್ಟ ಒಂದು ಹಾಳೆ, ಸ್ಟುಡಿಯೋಗೆ ನಡೆದು ಬರಬಲ್ಲ ಇಬ್ಬರ ಹೆಸರು. ಕನೆಕ್ಟರ್‌ಗಳಿಗೆ ಹೊಸ ಟೇಪ್ ಸುತ್ತಿಸುವುದನ್ನೂ ಆಗಲೇ ಮಾಡಿಸಿ, ಜೂನ್ ಬಂದ ಮೇಲೆ ಟವರ್ ಹತ್ತಲು ಯಾರೂ ಸಿಗುವುದಿಲ್ಲ.

ಈ ಭಾನುವಾರ ಜೀಪ್ ತೆಗೆದುಕೊಂಡು ಹೊರಡಿ. ಯಾವ ಊರಲ್ಲಿ ಕೇಳಿಸಿತು, ಎಲ್ಲಿ ಇಲ್ಲ, ಆ ಪಟ್ಟಿಯನ್ನೂ ಟ್ರಾನ್ಸ್‌ಮಿಟರಿನ ಎರಡು ಅಂಕಿಯನ್ನೂ ನನಗೆ ಕಳಿಸಿ. ಬೆಳಗಿನ ಎರಡು ಗಂಟೆಯನ್ನು ನಿಮಿಷ ನಿಮಿಷಕ್ಕೆ ಹೇಗೆ ಜೋಡಿಸುವುದು ಅಂತ ಅದನ್ನು ನೋಡಿಕೊಂಡು ಬರೆಯುತ್ತೇನೆ.